ಎರಡು ನಾಣ್ಯ, ಒಂದೇ ಬಿರುಕು: ಹಳೆಯ ನಾಣ್ಯದ ಮೇಲೆ ಅನುಮಾನ ಬಂದರೆ ಎಲ್ಲಿಂದ ಶುರು ಮಾಡಬೇಕು

ಆರು ವರ್ಷದ ಹಿಂದೆ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ, ರಸ್ತೆ ಬದಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತಿದ್ದವನ ಹತ್ತಿರ ಒಂದು ಬೆಳ್ಳಿ ನಾಣ್ಯ ಕೊಂಡೆ. ಮೌರ್ಯರ ಕಾಲದ ಪಂಚ್‌ಮಾರ್ಕ್ ನಾಣ್ಯ, ಅಂದರೆ ಬೆಳ್ಳಿ ತುಂಡಿನ ಮೇಲೆ ಸಣ್ಣ ಮುದ್ರೆಗಳನ್ನು ಒಂದೊಂದಾಗಿ ಒತ್ತಿದ್ದು, ಅಂದ. ಮೂರು ತಿಂಗಳು ಕಳೆದ ಮೇಲೆ ಮಾರ್ಕೆಟ್ ಹತ್ತಿರದ ಭಾನುವಾರದ ಸಂತೆಯಲ್ಲಿ ಬೇರೊಬ್ಬನ ಹತ್ತಿರ ಅಂಥದ್ದೇ ಇನ್ನೊಂದು ಸಿಕ್ಕಿತು. ಖುಷಿಯಿಂದ ಮನೆಗೆ ತಂದು ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಎರಡರ ಬಲ ಮೂಲೆಯಲ್ಲೂ ಒಂದು ಬಿರುಕು. ಅದೇ ಉದ್ದ, ಅದೇ ಸೊಟ್ಟ, ಕೊನೆಯಲ್ಲಿ ಅದೇ ಸಣ್ಣ ಕವಲು. ಹೆಂಡತಿ ಇಣುಕಿ ನೋಡಿ, “ಇದೇನ್ರೀ, ಅವಳಿ ಮಕ್ಕಳಾ?” ಅಂದಳು.

ಸುತ್ತಿಗೆ ಏಟಿಗೆ ಬೆಳ್ಳಿ ಎರಡು ಸಲ ಒಂದೇ ಥರ ಬಿರಿಯುವುದಿಲ್ಲ. ಅಸಲಿ ನಾಣ್ಯ ಒಂದಿತ್ತು, ಅದರಿಂದ ಅಚ್ಚು ತೆಗೆದು ಬಿರುಕಿನ ಸಮೇತ ಯಾರೋ ಎರಕ ಹೊಯ್ದಿದ್ದರು. ಅವತ್ತಿನಿಂದ ಅನುಮಾನದ ನಾಣ್ಯ ಕೈಗೆ ಬಂದರೆ ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನದ್ದರ ಕಡೆಗೆ ಹೋಗುತ್ತದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಯಾವ ಪರೀಕ್ಷೆಯೂ ನಾಣ್ಯ ಅಸಲಿ ಎಂದು ಸಾಬೀತು ಮಾಡುವುದಿಲ್ಲ. ಫೇಲಾದರೆ ಆಟ ಮುಗಿಯಿತು. ಪಾಸಾದರೆ ನಾಣ್ಯ ಮುಂದಿನ ಪರೀಕ್ಷೆಗೆ ಕೂರುತ್ತದೆ, ಅಷ್ಟೆ.

ಸಾಮಾನು ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ ಭೂತಗನ್ನಡಿ, 0.01 ಗ್ರಾಮ್ ತೋರಿಸುವ ಜೇಬಿನ ತಕ್ಕಡಿ. ಒಂದು ಬಲವಾದ ಅಯಸ್ಕಾಂತ. ಹೊಲಿಗೆ ದಾರ, ಒಂದು ಲೋಟ ನೀರು. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು ನಾಣ್ಯವನ್ನು ಹತ್ತಿರ ತರಬೇಕು, ಭೂತಗನ್ನಡಿಯನ್ನು ನಾಣ್ಯದ ಮೇಲಿಟ್ಟು ಬಗ್ಗಿ ನೋಡಿದರೆ ಏನೂ ಕಾಣದು. ಬೆಳಗಿನ ಕಿಟಕಿ ಬೆಳಕು ಒಂದು ಪಕ್ಕದಿಂದ ಬೀಳುತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಲಕ್ಷಣ: ಮಾರುವವನ ಕಥೆ ಚೆನ್ನಾಗಿದೆ, ಬೆಲೆ ಇನ್ನೂ ಚೆನ್ನಾಗಿದೆ

“ಹೊಲ ಉಳುವಾಗ ಕುಡಿಕೆ ಸಿಕ್ತು ಸಾರ್. ಊರಲ್ಲಿ ಗೊತ್ತಾದ್ರೆ ಪೊಲೀಸ್ರು ಬರ್ತಾರೆ, ಅದಕ್ಕೇ ಬೆಂಗಳೂರಿಗೆ ತಂದೆ.” ಈ ಮಾತು ಸುಳ್ಳಾದರೆ ನಾಣ್ಯ ನಕಲಿ. ನಿಜವಾದರೆ ಅದು ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟ ನಿಧಿ. ಎರಡರಲ್ಲಿ ಯಾವುದೇ ಆದರೂ ನೀವು ಕೊಳ್ಳುವಂತಿಲ್ಲ. ಪರೀಕ್ಷೆ ಇಲ್ಲಿಗೇ ಮುಗಿಯಿತು.

ಕಥೆಯಲ್ಲಿ ಚೂರು ನಿಜ ಬೆರೆತಿದ್ದರೆ ಇನ್ನೂ ಕಷ್ಟ. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದು, 1965ರಲ್ಲಿ ಎಚ್‌ಎಎಲ್ ಬಳಿ 256 ಸಿಕ್ಕಿದ್ದು ಚರಿತ್ರೆ. ಹಾಗಾಗಿ “ಯಶವಂತಪುರದ್ದು ಸಾರ್” ಅಂದರೆ ನಮ್ಮೂರಿನವರ ಮನಸ್ಸು ಕರಗುತ್ತದೆ. ಚರಿತ್ರೆ ನಿಜ ಇರಬಹುದು, ಆದರೆ ಮುಂದೆ ಕೂತವನ ಅಂಗೈಲಿರುವ ತುಂಡಿಗೂ ಅದಕ್ಕೂ ನಂಟು ಕಟ್ಟುತ್ತಿರುವುದು ಅವನ ಬಾಯಿ ಮಾತು ಮಾತ್ರ.

ಇದೇ ಗುಂಪಿಗೆ ಸೇರಿದ ಮೂರು ವಸ್ತುಗಳನ್ನು ದೂರದಿಂದಲೇ ಗುರುತಿಸಬಹುದು.

ಒಂದು, ರಾಮಟಂಕಿ. ಒಂದು ಕಡೆ ರಾಮ ಸೀತೆಯರ ಪಟ್ಟಾಭಿಷೇಕ, ಇನ್ನೊಂದು ಕಡೆ ಲಕ್ಷ್ಮಣ ಅಥವಾ ಹನುಮಂತ. ಇವು ದೇವರ ಮನೆಯಲ್ಲಿಟ್ಟು ಪೂಜೆ ಮಾಡಲು ಮಾಡಿದ ಬಿಲ್ಲೆಗಳು, ಯಾವ ರಾಜನೂ ಚಲಾವಣೆಗೆ ಬಿಟ್ಟದ್ದಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಇದ್ದರೆ ಭಕ್ತಿಯಿಂದ ಇಟ್ಟುಕೊಳ್ಳಿ. ‘ಸಾವಿರ ವರ್ಷದ ನಾಣ್ಯ’ ಅಂತ ಹಣ ಕೊಡಬೇಡಿ.

ಎರಡು, ಈಸ್ಟ್ ಇಂಡಿಯಾ ಕಂಪನಿ ಹೆಸರು, ಅರ್ಧಾಣೆ ಅಥವಾ ಒಂದಾಣೆ ಎಂಬ ಇಂಗ್ಲಿಷ್ ಬರಹ, 1616, 1717 ಅಥವಾ 1818ರ ಇಸವಿ, ಜೊತೆಗೆ ರಾಮ ಪರಿವಾರವೋ ಹನುಮಂತನೋ ಇರುವ ತಾಮ್ರದ ಬಿಲ್ಲೆ. ಇಂಥದ್ದನ್ನು ಕಂಪನಿ ಹೊರಡಿಸಲೇ ಇಲ್ಲ. ಮದರಾಸಿನಲ್ಲಿ ಕಂಪನಿಯವರು ದೇವರ ಚಿತ್ರದ, ಪಗೋಡ ಎಂಬ ಪುಟ್ಟ ಚಿನ್ನದ ನಾಣ್ಯಗಳನ್ನು ಹೊಡೆಸಿದ್ದು ಹೌದು, ಆದರೆ ಆ ಕಥೆಯೇ ಬೇರೆ, ಅವುಗಳ ಮೇಲೆ ಅರ್ಧಾಣೆ ಅಂತ ಇರುವುದಿಲ್ಲ. 1835ರಿಂದ ಕಂಪನಿ ಹೊರಡಿಸಿದ ಅಸಲಿ ಅರ್ಧಾಣೆಯ ಮೇಲೆ ಇರುವುದು ಸಿಂಹಗಳ ಸಮೇತ ಕಂಪನಿಯ ಲಾಂಛನ.

ಮೂರು, ಅಕ್ಕಿ ಕಾಳನ್ನು ಎಳೆದುಕೊಳ್ಳುವ ನಾಣ್ಯ. ರೈಸ್ ಪುಲ್ಲಿಂಗ್ ಅಂತ ಕರೆಯುತ್ತಾರೆ. ಇರಿಡಿಯಂ ಇದೆ, ಸಿಡಿಲು ಬಡಿದಿದೆ, ಬಾಹ್ಯಾಕಾಶ ಸಂಸ್ಥೆಯವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಅನ್ನುತ್ತಾರೆ. ಯಾವ ಲೋಹವೂ ಹೀಗೆ ಅಕ್ಕಿಯನ್ನು ಎಳೆಯುವುದಿಲ್ಲ. ಅಕ್ಕಿಗೆ ಮೊದಲೇ ಕಬ್ಬಿಣದ ಪುಡಿ ಸವರಿದ್ದರೆ ಒಳಗೆ ಅಯಸ್ಕಾಂತ ಇಟ್ಟ ಯಾವ ಬಿಲ್ಲೆಯೂ ಎಳೆಯುತ್ತದೆ. ಇಲ್ಲಿ ಭೂತಗನ್ನಡಿ ತೆಗೆಯುವ ಗೋಜಿಗೂ ಹೋಗಬೇಡಿ. ಇದು ಸಂಘಟಿತ ವಂಚನೆ; ‘ಪರೀಕ್ಷೆಗೆ ಮುಂಗಡ’ ಕೇಳಿದ ಕೂಡಲೇ ಎದ್ದು ಬನ್ನಿ, ಒಬ್ಬರೇ ಯಾರ ರೂಮಿಗೂ ಹೋಗಬೇಡಿ, ಪೊಲೀಸರಿಗೆ ಹೇಳಿ.

ಲಕ್ಷಣ: ತೂಕ ಹೊಂದುತ್ತಿಲ್ಲ

ಬಹಳ ನಕಲಿಗಳು ಬೀಳುವುದು ಇಲ್ಲೇ. ಹಿಂದಿನವರು ಬೆಳ್ಳಿ, ಬಂಗಾರವನ್ನು ತೂಗಿಯೇ ನಾಣ್ಯ ಮಾಡುತ್ತಿದ್ದರು, ನಕಲು ಮಾಡುವವನು ಕಣ್ಣಿಗೆ ಕಾಣುವುದನ್ನು ಮಾತ್ರ ನಕಲು ಮಾಡುತ್ತಾನೆ.

ಕಾರ್ಷಾಪಣ ಎಂಬ ಪಂಚ್‌ಮಾರ್ಕ್ ಬೆಳ್ಳಿ ನಾಣ್ಯದ ಲೆಕ್ಕ 32 ಗುಲಗಂಜಿ, ಸುಮಾರು 3.3ರಿಂದ 3.4 ಗ್ರಾಮ್. ಸವೆದು 3ಕ್ಕೆ ಇಳಿದಿರಬಹುದು, ಆದರೆ 4.5 ಬಂದರೆ ಉತ್ತರ ಸಿಕ್ಕಿತು: ಸವೆದ ನಾಣ್ಯ ತೂಕ ಕಳೆದುಕೊಳ್ಳುತ್ತದೆಯೇ ಹೊರತು ಗಳಿಸುವುದಿಲ್ಲ. ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ದಿನಾರಿಯಸ್ 3.7ರಿಂದ 3.9ರ ಆಸುಪಾಸು. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಈ ಇಬ್ಬರದ್ದೇ, ಹಾಗಾಗಿ ಹೆಚ್ಚು ನಕಲಾಗುವುದೂ ಇವೇ. ಗಂಗರದ್ದೆಂದು ಸಾಮಾನ್ಯವಾಗಿ ಕರೆಯುವ ಆನೆಯ ಗಜಪತಿ ಪಗೋಡ 3.8 ಗ್ರಾಮಿನ ಹತ್ತಿರ. ವಿಜಯನಗರದ ವರಹ ಸುಮಾರು 3.4, ಅರ್ಧ ವರಹ 1.7. ಕಂಠೀರವ ನರಸರಾಜ ಒಡೆಯರ ಹೆಸರಿನ ‘ಕಂಠೀರಾಯಿ ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ಅರ್ಧ ಗ್ರಾಮಿಗೂ ಕಡಿಮೆ. ಫ್ಯಾನ್ ಹಾಕಿಕೊಂಡು ತೂಗಿದರೆ ಹಾರಿಹೋದೀತು. ಟಿಪ್ಪುವಿನ ಆನೆ ಪೈಸೆ 11 ಗ್ರಾಮ್ ಆಸುಪಾಸು.

ಈ ಪರೀಕ್ಷೆ ತಾಮ್ರ, ಸೀಸದ ಮೇಲೆ ಅಷ್ಟು ನಡೆಯುವುದಿಲ್ಲ. ಶಾತವಾಹನರ ಸೀಸದ ನಾಣ್ಯಗಳ ತೂಕ ಒಂದಕ್ಕೊಂದು ಹೊಂದುವುದೇ ಇಲ್ಲ, ಆಗಿನವರು ಆ ಲೋಹಕ್ಕೆ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಅಲ್ಲಿ ತೂಕ ಕಂಡು ತೀರ್ಪು ಕೊಡಬೇಡಿ. ಸೀಸದ್ದನ್ನು ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಲಕ್ಷಣ: ಅಯಸ್ಕಾಂತಕ್ಕೆ ಅಂಟುತ್ತದೆ

ಒಳಗೆ ಕಬ್ಬಿಣ ಇದೆ. ವಾಪಸು ಕೊಡಿ. ಅಂಟದಿದ್ದರೆ ಏನೂ ಗೊತ್ತಾಗಲಿಲ್ಲ ಎಂದೇ ಅರ್ಥ: ಹಿತ್ತಾಳೆ, ತವರ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ.

“ಟಣ್ ಅನ್ನುತ್ತಾ ನೋಡಿ ಸಾರ್” ಅಂತ ಕಲ್ಲಿನ ಮೇಲೆ ಬೀಳಿಸಿ ತೋರಿಸುವವರಿದ್ದಾರೆ. ಎರಡು ಸಾವಿರ ವರ್ಷ ಮಣ್ಣಲ್ಲಿದ್ದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತದೆ. ಅಸಲಿಯಾದರೂ ಟಣ್ ಅನ್ನದೆ ಟಪ್ ಅನ್ನಬಹುದು, ಅದೃಷ್ಟ ಕೆಟ್ಟಿದ್ದರೆ ಎರಡು ಚೂರಾಗಬಹುದು. ಬೀಳಿಸುವುದು, ಬಗ್ಗಿಸುವುದು, ಹಲ್ಲಲ್ಲಿ ಕಚ್ಚುವುದು ಯಾವುದೂ ಬೇಡ.

ಲಕ್ಷಣ: ಮೈ ಸವೆದ ಸೋಪಿನ ಹಾಗಿದೆ, ಅಲ್ಲಲ್ಲಿ ಸೂಜಿಮೊನೆ ಗುಳಿಗಳು

ನಾಣ್ಯ ಹುಟ್ಟುವ ದಾರಿ ಎರಡು. ಬಿಲ್ಲೆಯನ್ನು ಠಸ್ಸೆಗಳ, ಅಂದರೆ ಚಿತ್ರ ಕೆತ್ತಿದ ಲೋಹದ ಮುದ್ರೆಗಳ, ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು ಒಂದು, ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವುದು ಇನ್ನೊಂದು. ಹೊಡೆದ ನಾಣ್ಯದಲ್ಲಿ ಲೋಹ ಏಟಿಗೆ ಹರಿದು ಠಸ್ಸೆಯ ಮೂಲೆಮೂಲೆಗೆ ಹೋಗಿರುತ್ತದೆ. ಅಕ್ಷರದ ಗೋಡೆ ನೇರ, ಬುಡ ಚೂಪು, ಅಂಚಿನ ಕಡೆ ನವುರಾದ ಗೆರೆಗಳು, ಕೆಲವೊಮ್ಮೆ ಬಿರುಕು. ಸುರಿದ ನಾಣ್ಯದಲ್ಲಿ ಎಲ್ಲವೂ ಮೊಂಡು. ಅಕ್ಷರದ ಬುಡ ಮೇಣದ ಹಾಗೆ ನೆಲಕ್ಕೆ ಇಳಿದುಕೊಂಡಿರುತ್ತದೆ. ಗಾಳಿಗುಳ್ಳೆ ಒಡೆದ ಕಡೆ ದುಂಡನೆಯ ಗುಳಿ, ಅಚ್ಚಿನಲ್ಲೇ ಗುಳ್ಳೆ ಇದ್ದ ಕಡೆ ಸಾಸಿವೆಯಂಥ ಉಬ್ಬು. ಮಣ್ಣಿನ ತುಕ್ಕು ತಿಂದ ಗುಳಿಗೂ ಇದಕ್ಕೂ ವ್ಯತ್ಯಾಸ ಇದೆ: ತುಕ್ಕಿನ ಗುಳಿಗೆ ಆಕಾರ ಇರುವುದಿಲ್ಲ, ಅಂಚು ಹರಿದಿರುತ್ತದೆ.

ಸವಕಲಿನ ಬಗ್ಗೆಯೂ ಒಂದು ಮಾತು. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯದಲ್ಲಿ ಎತ್ತರದ ಭಾಗ ಮೊದಲು ಸವೆಯುತ್ತದೆ, ರಾಜನ ಕೆನ್ನೆ, ಆನೆಯ ಹೊಟ್ಟೆ. ತಗ್ಗಿನಲ್ಲಿರುವುದು ಚೂಪಾಗಿಯೇ ಉಳಿಯುತ್ತದೆ. ಎತ್ತರ ತಗ್ಗು ಎರಡೂ ಒಂದೇ ಸಮ ಮೊಂಡಾಗಿದ್ದರೆ ಅದು ಚಲಾವಣೆಯ ಸವಕಲಲ್ಲ.

ಮಲ್ಲೇಶ್ವರದಲ್ಲಿ ನನಗೆ ಗೊತ್ತಿರುವ ಹಿರಿಯರೊಬ್ಬರು ನಾಣ್ಯ ಕೊಟ್ಟರೆ ಮುಖ ನೋಡುವುದೇ ಇಲ್ಲ. ಎರಡು ಬೆರಳಲ್ಲಿ ಹಿಡಿದು ಅಂಚನ್ನೇ ಸುತ್ತಲೂ ತಿರುಗಿಸುತ್ತಾರೆ. “ಮುಖಕ್ಕೆ ಎಲ್ಲರೂ ಪೌಡರ್ ಹಚ್ತಾರೆ ಕಣಯ್ಯಾ, ಹಿಮ್ಮಡಿ ನೋಡು” ಅನ್ನುತ್ತಾರೆ. ಎರಡು ಅರ್ಧ ಅಚ್ಚುಗಳು ಸೇರುವ ಕಡೆ ಅಂಚಿನ ಮಧ್ಯೆ ಒಂದು ಸಣ್ಣ ಏರು ಉಳಿಯುತ್ತದೆ. ನಕಲಿ ಮಾಡಿದವನು ಅದನ್ನು ಅರದಿಂದ ಉಜ್ಜಿರುತ್ತಾನೆ. ಏರು ಕಂಡರೂ ಅನುಮಾನ, ಒಂದೇ ದಿಕ್ಕಿನ ಅರದ ಗೆರೆ ಕಂಡರೂ ಅನುಮಾನ. ಅಂಚಿನಲ್ಲೊಂದು ಕಡೆ ಬೆಸುಗೆಯ ಗುರುತು ಇದ್ದರೆ ಮಾತ್ರ ಸ್ವಲ್ಪ ತಡೆಯಿರಿ. ನಮ್ಮ ಮನೆಗಳಲ್ಲಿ ನಾಣ್ಯಕ್ಕೆ ಕೊಂಡಿ ಬೆಸೆದು ಕಾಸಿನ ಸರಕ್ಕೆ ಪೋಣಿಸುತ್ತಿದ್ದರು. ಆ ಕೊಂಡಿ ಕಿತ್ತ ಗಾಯ ಅಸಲಿ ನಾಣ್ಯದಲ್ಲೂ ಇರುತ್ತದೆ. ಆದರೆ ಸರಕ್ಕೆಂದೇ ಅಕ್ಕಸಾಲಿಗರು ಮಾಡಿಕೊಟ್ಟ ವರಹದ ಪ್ರತಿಗಳೂ ಬೇಕಾದಷ್ಟಿವೆ. ಯಾರಿಗೂ ಮೋಸ ಮಾಡಲು ಮಾಡಿದ್ದಲ್ಲ, ಒಡವೆ ಅಷ್ಟೆ. ಎರಡು ತಲೆಮಾರು ದಾಟಿ ಮಾರಾಟಕ್ಕೆ ಬಂದಾಗ ಅದು ‘ವಿಜಯನಗರದ್ದು’ ಆಗಿಬಿಟ್ಟಿರುತ್ತದೆ.

ಪಂಚ್‌ಮಾರ್ಕ್ ನಾಣ್ಯಕ್ಕೆ ಮಾತ್ರ ಒಂದು ವಿಶೇಷ ಪರೀಕ್ಷೆ ಇದೆ. ಮೌರ್ಯರ ಸಾಲಿನ ನಾಣ್ಯದ ಮುಖದಲ್ಲಿ ಐದು ಗುರುತುಗಳಿರುತ್ತವೆ. ಸೂರ್ಯ, ಆರು ಕೈಗಳ ಚಕ್ರ, ಬೆಟ್ಟ, ಇತ್ಯಾದಿ. ಐದನ್ನೂ ಬೇರೆಬೇರೆ ಮುದ್ರೆಯಿಂದ ಬೇರೆಬೇರೆ ಏಟಿಗೆ ಒತ್ತಿದ್ದು. ಹಾಗಾಗಿ ಒಂದು ಆಳ, ಒಂದು ಮೇಲುಮೇಲೆ, ಒಂದು ಇನ್ನೊಂದರ ಮೇಲೆ ಹತ್ತಿರುತ್ತದೆ, ಒಂದರ ಅರ್ಧ ನಾಣ್ಯದಿಂದಾಚೆ ಹೋಗಿರುತ್ತದೆ, ಒಂದು ತಲೆಕೆಳಗಾಗಿರುತ್ತದೆ. ಐದೂ ಗುರುತುಗಳು ಒಂದೇ ಆಳದಲ್ಲಿ, ಗ್ರೂಪ್ ಫೋಟೋಗೆ ನಿಂತ ಹಾಗೆ ಶಿಸ್ತಾಗಿ ನಾಣ್ಯದೊಳಗೇ ಕೂತಿದ್ದರೆ ಎಲ್ಲವನ್ನೂ ಒಂದೇ ಠಸ್ಸೆಯಿಂದ ಹೊಡೆದಿದ್ದಾರೆ ಎಂದು ಅರ್ಥ. ಹಿಂಬದಿಯಲ್ಲಿ ಇರುವ ಚಿಕ್ಕಚಿಕ್ಕ ಒತ್ತುಗಳು ನಾಣ್ಯ ಪರೀಕ್ಷಿಸುತ್ತಿದ್ದ ಚಿನಿವಾರರ ಗುರುತುಗಳೆಂದು ಹೇಳುತ್ತಾರೆ, ಅವೂ ಒಂದೊಂದು ಒಂದೊಂದು ಥರ ಸವೆದಿರಬೇಕು. ತಗಡನ್ನು ಉಳಿಯಿಂದ ಕತ್ತರಿಸಿ, ತೂಕ ಸರಿಮಾಡಲು ಮೂಲೆ ಹಾರಿಸಿದ ಗಾಯ ಅಂಚಿನಲ್ಲಿ ಕಾಣಬೇಕು. ನನ್ನ ಅವಳಿಗಳಲ್ಲಿ ಮೂಲೆ ಹಾರಿಸಿದ ಜಾಗ ದುಂಡಗೆ, ನುಣ್ಣಗಿತ್ತು. ಅವತ್ತು ಅದನ್ನೇ ‘ಎಷ್ಟು ಹಳೆಯದು ನೋಡು, ಸವೆದಿದೆ’ ಅಂತ ಹೆಂಡತಿಗೆ ತೋರಿಸಿದ್ದೆ.

ಇದಕ್ಕೊಂದು ಅಪವಾದ ಇದೆ, ಹೊಸಬರು ಎಡವುವುದು ಇಲ್ಲೇ. ಪ್ರಾಚೀನ ಭಾರತದಲ್ಲೇ ಎರಕ ಹೊಯ್ದ ತಾಮ್ರದ ನಾಣ್ಯಗಳಿದ್ದವು, ಕೌಶಾಂಬಿಯ ಎತ್ತಿನ ನಾಣ್ಯಗಳ ಹಾಗೆ. ಅವುಗಳಲ್ಲಿ ಅಂಚಿನ ಏರೂ ಇರುತ್ತದೆ, ಸಾಲಾಗಿ ಸುರಿದಾಗ ಉಳಿದ ಬಾಲವೂ ಇರುತ್ತದೆ. ಆ ನಾಣ್ಯ ಮೂಲದಲ್ಲಿ ಹೊಡೆದದ್ದೋ ಸುರಿದದ್ದೋ ಎಂದು ಮೊದಲು ತಿಳಿದುಕೊಂಡು ಆಮೇಲೆ ತಪ್ಪು ಹುಡುಕಿ.

ಲಕ್ಷಣ: ಇದೇ ನಾಣ್ಯವನ್ನು ಎಲ್ಲೋ ನೋಡಿದ ಹಾಗಿದೆ

ನೋಡಿಯೇ ಇರುತ್ತೀರಿ. ಹರಾಜು ಸಂಸ್ಥೆಗಳ ಹಳೆಯ ಕ್ಯಾಟಲಾಗ್‌ಗಳು ಫೋನಿನಲ್ಲೇ ಸಿಗುತ್ತವೆ. ಅದೇ ರಾಜ, ಅದೇ ಬಗೆಯ ನಾಣ್ಯದ ಐವತ್ತು ಚಿತ್ರ ನೋಡಿ. ಒಂದೇ ಠಸ್ಸೆಯಿಂದ ಹೊಡೆದ ಎರಡು ಅಸಲಿ ನಾಣ್ಯಗಳಲ್ಲಿ ಮೂಗು, ಕಿವಿ, ಅಕ್ಷರ ತದ್ರೂಪ ಇರಬಹುದು, ಅದು ಸಹಜ. ಆದರೆ ಬಿಲ್ಲೆಯ ಆಕಾರ, ಚಿತ್ರ ಪಕ್ಕಕ್ಕೆ ಸರಿದ ಅಳತೆ, ಬಿರುಕು, ಗೀರು, ಸವಕಲು ಇವು ಪ್ರತಿ ನಾಣ್ಯಕ್ಕೂ ಬೇರೆ. ಗೀರು ಸಮೇತ ಎರಡು ಹೊಂದಿದರೆ ಎರಡೂ ನಕಲಿ ಇರಬಹುದು, ಅಥವಾ ಒಂದು ತಾಯಿ ಇನ್ನೊಂದು ಮಗು ಇರಬಹುದು. ನಿಮ್ಮ ಕೈಲಿರುವುದು ತಾಯಿ ಅಂತ ನಂಬುವ ಮೊದಲು ಎಷ್ಟು ಕೊಟ್ಟಿರಿ ಎಂದು ನೆನಪು ಮಾಡಿಕೊಳ್ಳಿ.

ನನ್ನ ಅನುಭವದಲ್ಲಿ ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ. ಜನ ಇದನ್ನು ಮಾಡದೇ ಇರುವುದಕ್ಕೆ ಕಾರಣ ಸೋಮಾರಿತನ, ಮತ್ತೇನಿಲ್ಲ. ಒಂದೇ ತಟ್ಟೆಯಲ್ಲಿ ಹತ್ತು ನಾಣ್ಯ ಇಟ್ಟುಕೊಂಡವನ ಹತ್ತಿರ ನಿಮಗೆ ಇಷ್ಟವಾದ ಒಂದನ್ನು ಎತ್ತಿಕೊಳ್ಳುವ ಮೊದಲು ಉಳಿದ ಒಂಬತ್ತನ್ನೂ ನೋಡಿ.

ಲಕ್ಷಣ: ಹಸಿರು ಕಿಲುಬು ಉಗುರಿಗೆ ಕಿತ್ತು ಬರುತ್ತದೆ

ತಾಮ್ರದ ಮೇಲೆ ನೂರಾರು ವರ್ಷ ಕೂತ ಕಿಲುಬು ಲೋಹದಿಂದಲೇ ಬೆಳೆದದ್ದು. ಗಟ್ಟಿಯಾಗಿರುತ್ತದೆ, ಪದರಪದರವಾಗಿರುತ್ತದೆ, ಹಸಿರಿನ ಕೆಳಗೆ ಸಾಮಾನ್ಯವಾಗಿ ಇಟ್ಟಿಗೆ ಕೆಂಪು ಇಣುಕುತ್ತದೆ. ನಕಲಿಯ ಹಸಿರು ಎಲ್ಲ ಕಡೆ ಒಂದೇ ಬಣ್ಣ, ತಗ್ಗಿನಲ್ಲಿ ಗಟ್ಟಿ, ಎತ್ತರದಲ್ಲಿ ತೆಳು, ಬಳಿದು ಒರೆಸಿದ ಹಾಗೆ. ಮರದ ಹಲ್ಲುಕಡ್ಡಿಯಿಂದ ಒಂದು ಮೂಲೆಯಲ್ಲಿ ಮೆಲ್ಲಗೆ ತಿಕ್ಕಿ. ಪುಡಿಯಾಗಿ ಎದ್ದು ಬಂದು ಕೆಳಗೆ ಹೊಳೆಯುವ ಹಳದಿ ಲೋಹ ಕಂಡರೆ ನಿನ್ನೆ ಮೊನ್ನೆ ಮಾಡಿದ ಹಿತ್ತಾಳೆ. ಉಗುರುಬಣ್ಣ ತೆಗೆಯುವ ಶುದ್ಧ ಅಸಿಟೋನ್ ಹತ್ತಿಗೆ ಹಾಕಿ ಒರೆಸಿದರೆ ಬಣ್ಣ, ಗೋಂದು, ಬೂಟ್ ಪಾಲಿಶ್ ಬಿಡುತ್ತದೆ, ಅಸಲಿ ಕಿಲುಬು ಬಿಡುವುದಿಲ್ಲ. ಅಸಿಟೋನ್ ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಬೇಡ, ಕಿಟಕಿ ತೆರೆದಿರಲಿ. ಬೆಳ್ಳಿಯ ಮೇಲಿನ ಕಪ್ಪನ್ನು ಮಾತ್ರ ಇದರಿಂದ ಅಳೆಯಲಾಗದು, ಗಂಧಕದಿಂದ ಕಪ್ಪು ಮಾಡಿದ್ದರೆ ಅಸಿಟೋನಿಗೂ ಬಿಡದು.

ಇಲ್ಲಿ ಇನ್ನೊಂದು ಕಾಯಿಲೆ ಇದೆ, ಅದನ್ನು ನಕಲಿಯ ಗುರುತೆಂದು ತಪ್ಪು ತಿಳಿಯಬೇಡಿ. ತಿಳಿ ಹಸಿರಿನ ಹಿಟ್ಟಿನಂಥ ಪುಡಿ ಚುಕ್ಕೆಚುಕ್ಕೆಯಾಗಿ ಎದ್ದು, ಒರೆಸಿದರೂ ವಾರದಲ್ಲಿ ಮತ್ತೆ ಬಂದರೆ ಅದು ಲೋಹದೊಳಗಿನ ಉಪ್ಪಿನ ಕೆಲಸ. ನಾಣ್ಯ ಅಸಲಿಯೇ ಇರಬಹುದು, ಆದರೆ ಕರಗುತ್ತಿದೆ. ಉಳಿದವುಗಳಿಂದ ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಣ ಡಬ್ಬಿಯಲ್ಲಿಟ್ಟು ತಿಳಿದವರಿಗೆ ತೋರಿಸಿ. ಬೆಂಗಳೂರಿನ ಮಳೆಗಾಲದಲ್ಲಿ ಇದು ಜೋರಾಗುತ್ತದೆ.

ಏನೇ ಆಗಲಿ, ಹುಣಸೆಹುಳಿ, ನಿಂಬೆಹಣ್ಣು, ದೇವರ ಪಾತ್ರೆ ತಿಕ್ಕುವ ಪುಡಿ ಇವನ್ನು ನಾಣ್ಯದ ಹತ್ತಿರ ತರಬೇಡಿ. ನಮ್ಮತ್ತೆ ಪ್ರೀತಿಯಿಂದ ಒಂದು ಶಾತವಾಹನ ನಾಣ್ಯವನ್ನು ಹಬ್ಬದ ಹಿಂದಿನ ದಿನ ತಳತಳ ಮಾಡಿಕೊಟ್ಟರು. ಆನೆ ಹೋಯಿತು, ಹೊಳಪು ಉಳಿಯಿತು.

ಲಕ್ಷಣ: ಅಕ್ಷರ ಓದಲು ಆಗುತ್ತಿಲ್ಲ, ಅಥವಾ ಅನುಮಾನ ಬರುವಷ್ಟು ಚೆನ್ನಾಗಿ ಓದಲಾಗುತ್ತಿದೆ

ಕನ್ನಡಿಗರಿಗೆ ಇಲ್ಲೊಂದು ಅನುಕೂಲ. ಹೊಯ್ಸಳರ ಚಿನ್ನದ ನಾಣ್ಯದ ಹಿಂಬದಿಯಲ್ಲಿ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂದು ಹನ್ನೆರಡನೇ ಶತಮಾನದ ಕನ್ನಡ ಅಕ್ಷರದಲ್ಲೇ ಇದೆ. ಆ ಕಾಲದ ಶಾಸನದ ಅಕ್ಷರದ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ. ಇವತ್ತಿನ ಪಠ್ಯಪುಸ್ತಕದ ತಲೆಕಟ್ಟಿನ ಕನ್ನಡ ಕಂಡರೆ ಕೈ ಬಿಡಿ. ಕೃಷ್ಣದೇವರಾಯನ ಬಾಲಕೃಷ್ಣ ವರಹದ ಹಿಂಬದಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂದು ಇರುವುದು ನಾಗರಿಯಲ್ಲಿ, ಸಾಲುಗಳ ನಡುವೆ ಗೆರೆಗಳಿರುತ್ತವೆ. ಅಕ್ಷರ ಗೊತ್ತಿಲ್ಲದ ನಕಲುಗಾರ ಅದನ್ನು ಚಿತ್ರದ ಹಾಗೆ ಬಿಡಿಸುತ್ತಾನೆ. ಪ್ರತಾಪದ ‘ಪ್ರ’ ಮತ್ತು ‘ಪ’ ಎರಡೂ ಒಂದೇ ಆಗಿಬಿಡುತ್ತವೆ.

ಟಿಪ್ಪುವಿನ ನಾಣ್ಯದ ಮೇಲೆ ಇರುವುದು ಪರ್ಷಿಯನ್ ಅಕ್ಷರ. ಟಿಪ್ಪು ತಾನೇ ತಂದ ಮೌಲೂದಿ ಎಂಬ ವರ್ಷಗಣನೆಗೆ ಬದಲಾದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು: 1215 ಎನ್ನುವುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ಶ್ರೀರಂಗಪಟ್ಟಣಕ್ಕೆ ಹೋದಾಗ ಪ್ರವಾಸಿಗರ ಹಿಂದೆ ಬಿದ್ದು ಹುಡುಗರು ಮಾರುತ್ತಿದ್ದ ‘ಟಿಪ್ಪು ಕಾಸು’ಗಳಲ್ಲಿ ನಾನು ಕಂಡವು ಹೆಚ್ಚಿನವು ಎರಕದವು, ಆನೆಗೆ ಸೊಂಡಿಲು ಇದ್ದರೆ ಪುಣ್ಯ.

ಉಲ್ಟಾ ತೊಂದರೆಯೂ ಇದೆ. ಸವೆದ ಅಸಲಿ ನಾಣ್ಯದ ಅಕ್ಷರವನ್ನು ಸೂಜಿಯುಳಿಯಿಂದ ಕೆತ್ತಿ ಚೂಪು ಮಾಡುತ್ತಾರೆ. ಮುಖ ಮಸುಕು, ಅಕ್ಷರ ಮಾತ್ರ ಸ್ಪಷ್ಟ ಅಂದರೆ ಅಕ್ಷರದ ಸುತ್ತ ಭೂತಗನ್ನಡಿ ಹಿಡಿಯಿರಿ. ಹೊಸದಾಗಿ ಗೀರಿದ ಲೋಹ ಬೇರೆ ಬಣ್ಣಕ್ಕಿರುತ್ತದೆ.

ಲಕ್ಷಣ: ತೂಕ ಸರಿ, ಮೈ ಸರಿ, ಆದರೂ ಮನಸ್ಸು ಒಪ್ಪುತ್ತಿಲ್ಲ

ಈಗ ನೀರಿನ ಲೋಟ ತೆಗೆಯಿರಿ. ಮೊದಲು ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ನೀರಿರುವ ಹಗುರ ಪ್ಲಾಸ್ಟಿಕ್ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ಆದರೆ ತಳಕ್ಕೂ ಗೋಡೆಗೂ ತಾಗದ ಹಾಗೆ ಇಳಿಬಿಡಿ. ತಕ್ಕಡಿ ತೋರಿಸಿದ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. 3.30 ಗ್ರಾಮಿನ ನಾಣ್ಯ ನೀರಲ್ಲಿ 0.33 ತೋರಿಸಿದರೆ ಉತ್ತರ 10. ಶುದ್ಧ ಬೆಳ್ಳಿಯದು 10.5, ತಾಮ್ರ ಸ್ವಲ್ಪ ಬೆರೆತ ಹಳೆಯ ಬೆಳ್ಳಿಗೆ 10 ಸರಿಯಾದದ್ದು. 0.38 ತೋರಿಸಿದರೆ 8.7, ಅದು ಜರ್ಮನ್ ಸಿಲ್ವರ್ ಅಥವಾ ಬೆಳ್ಳಿ ಲೇಪದ ತಾಮ್ರದ ಕಡೆ ಬೊಟ್ಟು ಮಾಡುತ್ತದೆ. 0.45 ತೋರಿಸಿದರೆ 7.3, ತವರದ ಮಿಶ್ರಣ. 3.4 ಗ್ರಾಮಿನ ಒಳ್ಳೆಯ ಚಿನ್ನದ ವರಹ 0.19ರ ಹತ್ತಿರ ನಿಲ್ಲಬೇಕು. ಗಿಲೀಟಿನ ಹಿತ್ತಾಳೆ 0.40 ತೋರಿಸುತ್ತದೆ.

ಇಷ್ಟು ಸಣ್ಣ ವಸ್ತುವಿನಲ್ಲಿ ತಕ್ಕಡಿ 0.01 ಹೆಚ್ಚುಕಡಿಮೆಯಾದರೂ ಬೆಳ್ಳಿಯ ಉತ್ತರ 0.3ರಷ್ಟು ಓಲಾಡುತ್ತದೆ, ಚಿನ್ನದ್ದು ಇನ್ನೂ ಹೆಚ್ಚು. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆ ಮೋಸ ಮಾಡುತ್ತದೆ, ನೀರಿಗೆ ಒಂದು ಹನಿ ಪಾತ್ರೆ ಸೋಪು ಬಿದ್ದರೆ ಗುಳ್ಳೆ ಬಿಡುತ್ತದೆ. ಮಣ್ಣು ತಿಂದು ಟೊಳ್ಳಾದ ಅಸಲಿ ಬೆಳ್ಳಿ 9.5 ತೋರಿಸಿದರೂ ಗಾಬರಿ ಬೇಡ. ಕಿಲುಬಿನ ಕಾಯಿಲೆ ಹಿಡಿದ ತಾಮ್ರವನ್ನು ಮಾತ್ರ ನೀರಿಗೆ ಇಳಿಸಬೇಡಿ.

ಇದರಾಚೆಗೆ ಕಾಸು ಬಿಚ್ಚಬೇಕು. ನಗರ್ತಪೇಟೆಯ ಸುತ್ತಮುತ್ತ ಚಿನ್ನದ ಟಂಚ, ಅಂದರೆ ಶುದ್ಧತೆ, ನೋಡುವ ಯಂತ್ರಗಳಿವೆ, ಕ್ಷಕಿರಣ ಬಿಟ್ಟು ಯಾವ ಲೋಹ ಎಷ್ಟು ಎಂದು ಹೇಳುತ್ತವೆ. ಒಳಗೆ ಕೊಡುವ ಮೊದಲೇ “ಒರೆಗಲ್ಲಿಗೆ ಉಜ್ಜಬೇಡಿ, ಆಸಿಡ್ ಹಾಕಬೇಡಿ, ಯಂತ್ರದಲ್ಲಿ ಮಾತ್ರ ನೋಡಿ” ಎಂದು ಹೇಳಿ, ಎದುರಿಗೇ ನಿಂತಿರಿ. ಒರೆಗಲ್ಲಿಗೆ ಉಜ್ಜಿದ ಗೆರೆ ಸಾಯುವವರೆಗೂ ಉಳಿಯುತ್ತದೆ. ಚೀಟಿ ಬಂದ ಮೇಲೆ ಶೇಕಡಾವಾರು ಬೆಳ್ಳಿ ಎಷ್ಟು ಎಂದು ನೋಡಿ ಸುಮ್ಮನಾಗಬೇಡಿ, ಚಿಲ್ಲರೆ ಲೋಹಗಳನ್ನು ಓದಿ. ಹಿಂದಿನ ಕಾಲದ ಬೆಳ್ಳಿಯಲ್ಲಿ ಸಾಮಾನ್ಯವಾಗಿ ಚೂರು ಸೀಸ, ಚೂರು ಚಿನ್ನ ಉಳಿದಿರುತ್ತದೆ, ಅವರಿಗೆ ಅದನ್ನು ಪೂರ್ತಿ ತೆಗೆಯಲು ಬರುತ್ತಿರಲಿಲ್ಲ. ಮೌರ್ಯರ ನಾಣ್ಯ 99.9 ಬೆಳ್ಳಿ ಅಂತ ಬಂದರೆ ಅದು ಇವತ್ತಿನ ಬೆಳ್ಳಿ ಗಟ್ಟಿಯಿಂದ ಮಾಡಿದ್ದು. ಚಿನ್ನದಲ್ಲಿ ಕ್ಯಾಡ್ಮಿಯಂ ಕಂಡರೆ ನೆನಪಿರಲಿ, ಒಡವೆ ಅಂಗಡಿಯ ‘ಕೆಡಿಎಂ’ ಅಂದರೆ ಅದೇ. ಆ ಲೋಹ ಪತ್ತೆಯಾದದ್ದೇ 1817ರಲ್ಲಿ. ವಿಜಯನಗರದ ಟಂಕಸಾಲೆಗೆ ಅದು ಬಂದದ್ದು ಹೇಗೆ? ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ದಪ್ಪ ಗಿಲೀಟು ಅದನ್ನೂ ಏಮಾರಿಸುತ್ತದೆ. ನೀರಿನ ಲೆಕ್ಕವೂ ಚೀಟಿಯೂ ಒಂದೇ ಮಾತು ಹೇಳಬೇಕು.

ಅಸಲಿ ಚಿನ್ನದಲ್ಲೇ, ಸರಿಯಾದ ತೂಕಕ್ಕೆ, ಹೊಸ ಠಸ್ಸೆ ಕೆತ್ತಿಸಿ ಹೊಡೆದ ನಕಲಿಗಳೂ ಇವೆ. ಅವು ಈ ಎಲ್ಲ ಪರೀಕ್ಷೆಯನ್ನೂ ದಾಟುತ್ತವೆ. ಅಲ್ಲಿ ನನ್ನ ನಿಮ್ಮ ಕೈಲಿ ಆಗುವುದು ಏನೂ ಇಲ್ಲ.

ಲಕ್ಷಣ: ಮೊಹರು ಮಾಡಿದ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಸರ್ಟಿಫಿಕೇಟ್

ಡಬ್ಬಿಯೂ ನಕಲಾಗುತ್ತದೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ನೀವೇ ಹಾಕಿ, ಅಲ್ಲಿ ಬರುವ ಚಿತ್ರ ಮತ್ತು ಕೈಲಿರುವ ನಾಣ್ಯದ ಗೀರುಗಳನ್ನು ಹೋಲಿಸಿ. ಮಾರುವವನೇ ಸಹಿ ಹಾಕಿಕೊಟ್ಟ ಸರ್ಟಿಫಿಕೇಟಿಗೆ ಬೆಲೆ ಅವನು ಹಣ ವಾಪಸು ಕೊಡುವಷ್ಟು ದಿನ ಮಾತ್ರ.

ಎಲ್ಲಿ ನಿಲ್ಲಿಸಬೇಕು

ಕಳೆದುಕೊಂಡರೆ ನೋವಾಗುವಷ್ಟು ದುಡ್ಡಿನ ನಾಣ್ಯ ಯಾವುದೇ ಇರಲಿ, ಕೊಳ್ಳುವ ಮೊದಲೇ ಎರಡನೆಯವರ ಕಣ್ಣಿಗೆ ಬೀಳಲಿ. ಚಿನ್ನದ್ದಾದರೆ ಕಡ್ಡಾಯ. ನಗರದಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಲ್ಲಿ, ಸಂಗ್ರಾಹಕರ ಸಂಘದ ಸಭೆಗಳಲ್ಲಿ ಹಳಬರು ಕೇಳಿದರೆ ಖುಷಿಯಿಂದ ನೋಡಿ ಹೇಳುತ್ತಾರೆ. ಚಿತ್ರ ಕಳಿಸಿ ಕೇಳುವುದಾದರೆ ಎರಡೂ ಮುಖ, ಅಂಚಿನ ಕನಿಷ್ಠ ಎರಡು ಚಿತ್ರ, ತೂಕ, ಅಡ್ಡಳತೆ ಇಷ್ಟಾದರೂ ಇರಲಿ. ಹಗಲು ಬೆಳಕಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. “ಸಾರ್, ಇದು ಅಸಲಿಯಾ?” ಅನ್ನುವುದಕ್ಕಿಂತ “ಅಂಚಿನ ಈ ಗೆರೆ ಏನು ಸಾರ್?” ಎಂದು ಕೇಳಿದರೆ ಉತ್ತರ ಉದ್ದ ಬರುತ್ತದೆ.

ಕಾನೂನಿನ ಮಾತು ಚಿಕ್ಕದಾಗಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತದೆ. ವಿದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರ ಮಾಡಲು ಪರವಾನಗಿ ಬೇಕು. ಆದ್ದರಿಂದ ಬಿಲ್ಲು ಕೇಳಿ ಪಡೆಯಿರಿ. ಪಾಯ ತೆಗೆಯುವಾಗಲೋ ತೋಟ ಅಗೆಯುವಾಗಲೋ ನಿಮಗೇ ನಾಣ್ಯ ಸಿಕ್ಕರೆ ಅಸಲಿ ನಕಲಿ ಪರೀಕ್ಷೆ ನಿಮ್ಮ ಕೆಲಸವಲ್ಲ. ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾನೂನು 1878ರಿಂದಲೂ ಇದೆ. ತೊಳೆಯದೆ, ಹಂಚಿಕೊಳ್ಳದೆ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.

ನಕಲಿ ಅಂತ ಖಾತ್ರಿಯಾದರೆ ಮಾರಿದವನ ಹತ್ತಿರ ಶಾಂತವಾಗಿ ಹೋಗಿ, ತೂಕ ಮತ್ತು ಚಿತ್ರ ತೋರಿಸಿ. ಅಂಗಡಿ ಇಟ್ಟುಕೊಂಡವರು ಹೆಸರು ಕೆಡಿಸಿಕೊಳ್ಳಲು ಇಷ್ಟಪಡುವುದಿಲ್ಲ, ಬಹುತೇಕ ವಾಪಸು ತೆಗೆದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಹಾಳೆಯವನು ಮುಂದಿನ ಭಾನುವಾರ ಅಲ್ಲಿರುವುದಿಲ್ಲ. ಆ ನಾಣ್ಯವನ್ನು ಇನ್ನೊಬ್ಬರಿಗೆ ದಾಟಿಸಬೇಡಿ, ‘ನಕಲಿ’ ಎಂದು ಚೀಟಿ ಬರೆದು ಪ್ರತ್ಯೇಕ ಡಬ್ಬಿಯಲ್ಲಿಡಿ.

ನನ್ನ ಡಬ್ಬಿಯಲ್ಲಿ ಈಗ ಹದಿನಾಲ್ಕಿವೆ. ಹೋದ ಕಾರ್ತಿಕದ ಪರಿಷೆಯಲ್ಲಿ ಬಲ ಮೂಲೆಯಲ್ಲಿ ಅದೇ ಬಿರುಕು, ಕೊನೆಯಲ್ಲಿ ಅದೇ ಕವಲು ಇದ್ದ ಮೂರನೆಯದು ಕಣ್ಣಿಗೆ ಬಿತ್ತು. “ಮೌರ್ಯರದ್ದು ಸಾರ್, ಸಾವಿರದ ಇನ್ನೂರು” ಅಂದ. ಇದರ ಅಣ್ಣತಮ್ಮಂದಿರಿಬ್ಬರು ನಮ್ಮ ಮನೇಲಿದ್ದಾರೆ ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ನಕ್ಕು, ಎಂಬತ್ತು ರೂಪಾಯಿಗೆ ಕೊಟ್ಟ.